ಗುಪ್ತಪದಗಳ ಕಥೆ: ಮರದ ಹಲಗೆಯಿಂದ ಪಾಸ್‌ವರ್ಡ್ ಪೆಟ್ಟಿಗೆಯವರೆಗೆ



ಪಾಸ್‌ವರ್ಡ್ ಎಂಬ ಗುಪ್ತಪದವು ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸನು ರೋಮನ್ ಪಾಳೆಯದ ಪದ್ಧತಿಯೊಂದನ್ನು ವರ್ಣಿಸಿದ್ದಾನೆ. ಸಂಜೆ, ಆ ರಾತ್ರಿಯ ಗುಪ್ತಪದವನ್ನು ಬರೆದ ಮರದ ಹಲಗೆಯು ತುಕಡಿಯಿಂದ ತುಕಡಿಗೆ ಸಾಗಿ, ಕತ್ತಲಾಗುವ ಮುನ್ನ ಅಧಿಕಾರಿಯ ಕೈಗೆ ಮರಳಬೇಕಿತ್ತು. ಮರಳದಿದ್ದರೆ, ಅದು ಎಲ್ಲಿ ನಿಂತಿತೆಂದು ವಿಚಾರಿಸಿ ತಪ್ಪಿತಸ್ಥನನ್ನು ದಂಡಿಸುತ್ತಿದ್ದರು. ಅಲ್ಲಿ ಗುಟ್ಟು ಒಂದೇ, ಬಲ್ಲವರು ಅನೇಕರು.

ಒಬ್ಬೊಬ್ಬನಿಗೂ ತನ್ನದೇ ಗುಟ್ಟು ಎಂಬ ಪದ್ಧತಿಯು ಕಂಪ್ಯೂಟರಿಗೆ ಬಂದದ್ದು 1960ರ ದಶಕದಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡವು ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿ, ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟಿತು. ಗುಟ್ಟು ಬಹುಕಾಲ ಉಳಿಯಲಿಲ್ಲ. 1962ರಲ್ಲಿ, ತನ್ನ ಪಾಲಿನ ಯಂತ್ರಸಮಯ ಸಾಲದ ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್, ಪಾಸ್‌ವರ್ಡುಗಳ ಪಟ್ಟಿಯನ್ನೇ ಮುದ್ರಿಸಿಕೊಂಡರು. 1966ರಲ್ಲಿ, ದಿನದ ಸಂದೇಶದ ಕಡತವೂ ಪಾಸ್‌ವರ್ಡುಗಳ ಕಡತವೂ ಅದಲುಬದಲಾಗಿ, ಒಳಬಂದವರಿಗೆಲ್ಲ ಎಲ್ಲರ ಗುಟ್ಟೂ ಕಾಣಿಸಿತು!

ಗುಟ್ಟನ್ನು ಇದ್ದ ಹಾಗೆಯೇ ಬರೆದಿಡಬಾರದೆಂಬ ಪಾಠವನ್ನು ತಂತ್ರಜ್ಞರು ಕಲಿತರು. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮೊರಿಸ್ ಮತ್ತು ಕೆನ್ ಥಾಂಪ್ಸನ್, ಪಾಸ್‌ವರ್ಡನ್ನು ಹಿಂದಿರುಗಿಸಲಾಗದಂತೆ ರೂಪಾಂತರಿಸಿ ಇಡುವ ಕ್ರಮವನ್ನು ವಿವರಿಸಿದರು. ಯಂತ್ರ ತಿದ್ದಿಕೊಂಡಿತು, ಮನುಷ್ಯ ತಿದ್ದಿಕೊಳ್ಳಲಿಲ್ಲ. ಅವರೇ ಪರೀಕ್ಷಿಸಿದ 3,289 ಪಾಸ್‌ವರ್ಡುಗಳಲ್ಲಿ ಶೇಕಡಾ 86ರಷ್ಟು ಸುಲಭವಾಗಿ ಊಹಿಸಬಲ್ಲವಾಗಿದ್ದವು. ಮೂವತ್ತು ವರ್ಷಗಳ ಬಳಿಕ, 2009ರಲ್ಲಿ, ರಾಕ್‌ಯೂ ಎಂಬ ಸಂಸ್ಥೆಯಿಂದ 3.2 ಕೋಟಿ ಪಾಸ್‌ವರ್ಡುಗಳು ಬಯಲಾದಾಗ, ಹೆಚ್ಚು ಜನರು ಆರಿಸಿದ್ದು 123456!

ಇದನ್ನು ಬರಿಯ ಸೋಮಾರಿತನವೆನ್ನಲಾರೆ. ಮಗ್ಗಿಯನ್ನು ಕಂಠಪಾಠ ಮಾಡಿಸಿದ ನನಗೆ ನೆನಪಿನ ಶಕ್ತಿಯೂ ಗೊತ್ತು, ಮಿತಿಯೂ ಗೊತ್ತು. ಬ್ಯಾಂಕು, ಅಂಚೆ, ರೈಲು, ವಿದ್ಯುತ್ತು ಎಂದು ಹತ್ತಾರು ಬಾಗಿಲುಗಳಾದಾಗ ಒಂದೇ ಕೀಲಿಯನ್ನು ಎಲ್ಲೆಡೆ ಬಳಸುವುದು ಮನುಷ್ಯಸಹಜ. ಕಳ್ಳನು ನೆಚ್ಚಿರುವುದೂ ಅದನ್ನೇ. ಪಾಸ್‌ವರ್ಡನ್ನು ಜಾರಿಗೆ ತಂದ ಕೊರ್ಬಾಟೊ ಅವರೇ 2014ರಲ್ಲಿ ಅದೊಂದು ದುಃಸ್ವಪ್ನವಾಗಿದೆಯೆಂದು ಹೇಳಿ, ತಾವೂ ಹಾಳೆಗಳಲ್ಲಿ ಬರೆದಿಟ್ಟುಕೊಂಡಿರುವುದಾಗಿ ತಿಳಿಸಿದ್ದರು.

ಪಾಸ್‌ವರ್ಡ್ ಮ್ಯಾನೇಜರ್ ಹುಟ್ಟಿದ್ದು ಈ ಮಿತಿಗೆ ಪರಿಹಾರವಾಗಿ. 1997ರಲ್ಲಿ ಬ್ರೂಸ್ ಶ್ನೈಯರ್ ಅವರ 'ಪಾಸ್‌ವರ್ಡ್ ಸೇಫ್' ಬಂತು; 2003ರಲ್ಲಿ 'ಕೀಪಾಸ್' ಬಂತು. ಪ್ರತಿ ಬಾಗಿಲಿಗೂ ಯಂತ್ರವೇ ಉದ್ದನೆಯ ಬೇರೆ ಕೀಲಿಯನ್ನು ಸೃಷ್ಟಿಸಿ, ಎಲ್ಲವನ್ನೂ ಗೂಢಲಿಪಿಯ ಒಂದು ಪೆಟ್ಟಿಗೆಯಲ್ಲಿ ಇಡುತ್ತದೆ. ನಾವು ನೆನಪಿಡಬೇಕಾದದ್ದು ಆ ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಒಂದನ್ನೇ. ಆದರೆ ಅದು ಗಟ್ಟಿಯಾಗಿರಬೇಕು. 2022ರಲ್ಲಿ 'ಲಾಸ್ಟ್‌ಪಾಸ್' ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳೇ ಕಳುವಾದಾಗ, ದುರ್ಬಲ ಮುಖ್ಯ ಪಾಸ್‌ವರ್ಡ್ ಇಟ್ಟವರಿಗೆ ಹೆಚ್ಚಿನ ಅಪಾಯವಿತ್ತು. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ದೂರ.

ಹಿರಿಯರಿಗೊಂದು ಮಾತು. ಮುಖ್ಯ ಪಾಸ್‌ವರ್ಡನ್ನು ಮರೆತರೆ ಪೆಟ್ಟಿಗೆಯನ್ನು ತಯಾರಿಸಿದವರಿಗೂ ಸಾಮಾನ್ಯವಾಗಿ ತೆರೆಯಲಾಗದು; ಯಜಮಾನನು ಕಣ್ಮುಚ್ಚಿದರೆ ಮನೆಯವರಿಗೂ ಅಷ್ಟೆ. ಆದುದರಿಂದ ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟುಹಾಕಿ, ಮನೆಪತ್ರಗಳ ಜೊತೆಗಿಡಿ. ನಂಬಿಕೆಯ ಒಬ್ಬರಿಗೆ ಆ ಜಾಗವನ್ನು ತಿಳಿಸಿ. ರೋಮಿನ ಹಲಗೆಯಂತೆ, ಗುಟ್ಟು ಸರಿಯಾದ ಕೈಯನ್ನು ಸಕಾಲದಲ್ಲಿ ಸೇರಬೇಕು.