ರಣರಂಗದಲ್ಲಿ ನಾಯಕನ ಸ್ಥಾನ

ಯುದ್ಧವನ್ನು ನಿಶ್ಚಯಿಸುವ ಅರಸನು ಸೈನ್ಯದೊಡನೆ ತಾನೂ ಹೋರಬೇಕೇ ಎಂಬ ಪ್ರಶ್ನೆಯನ್ನು ಜೈನ ಪುರಾಣಕಾರರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಭರತ-ಬಾಹುಬಲಿಗಳ ಸೇನೆಗಳು ಎದುರಾದಾಗ ಮಂತ್ರಿಗಳು ಆಲೋಚಿಸಿದುದು ಹೀಗೆ: ಸೋದರರಿಬ್ಬರೂ ಚರಮಶರೀರಿಗಳು, ಯುದ್ಧದಿಂದ ಅವರಿಗೆ ಹಾನಿಯಿಲ್ಲ, ಸಾಯುವವರು ಭಟರು ಮಾತ್ರ. ಆದುದರಿಂದ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ಸೆಣಸಬೇಕೆಂದು ನಿಶ್ಚಯವಾಯಿತು. 941ರಲ್ಲಿ ಪಂಪನು ಈ ಪ್ರಸಂಗವನ್ನು ಕನ್ನಡದಲ್ಲಿ ನಿರೂಪಿಸಿದನು. ನಾಯಕನ ಶೌರ್ಯಕ್ಕಿಂತಲೂ, ನಷ್ಟವು ಯಾರ ಪಾಲಿಗೆಂಬುದೇ ಇಲ್ಲಿಯ ವಿಚಾರ.

ಇತಿಹಾಸದ ಅರಸರಾದರೋ ಚರಮಶರೀರಿಗಳಲ್ಲ. ಪಂಪನ ಕೃತಿಯಾದ ಎಂಟು ವರ್ಷಗಳಿಗೆ, 949ರ ತಕ್ಕೋಲದ ಯುದ್ಧದಲ್ಲಿ, ಚೋಳ ರಾಜಾದಿತ್ಯನು ಹತನಾದನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಈ ವಧೆಯ ಕೀರ್ತಿಯನ್ನು ಗಂಗ ಇಮ್ಮಡಿ ಬೂತುಗನಿಗೆ ಸಲ್ಲಿಸುತ್ತದೆ. ಚೋಳರ ಲೈಡನ್ ತಾಮ್ರಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಸಲ್ಲಿಸುತ್ತದೆ. ಕೊಂದವನಾರೆಂಬಲ್ಲಿ ಭೇದವಿದ್ದರೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂಬಲ್ಲಿ ಎರಡಕ್ಕೂ ಏಕಾಭಿಪ್ರಾಯವಿದೆ. ತನ್ನ ಭಟರಿಗೆ ಕಾಣುವಂತೆ ಎತ್ತರದಲ್ಲಿದ್ದವನು ಹಗೆಗೂ ಗುರಿಯಾದನು, ಚೋಳರು ಸೋತರು. ಆತಕೂರಿನ ಅದೇ ಕಲ್ಲಿನಲ್ಲಿ ಬೂತುಗನ ಆಳು ಮಣಲೆರನ ಹೆಸರೂ ಉಳಿದಿರುವುದು ಸ್ಮರಣೀಯ.

ನಮ್ಮ ಸಿದ್ದಾಪುರವಿರುವ ಕೊಡಗಿನಲ್ಲಿಯೂ ಇದಕ್ಕೆ ಪೂರಕವಾದ ಸಾಕ್ಷ್ಯವುಂಟು. ಶಕ 899ರ (ಕ್ರಿ.ಶ. 978) ಪೆಗ್ಗೂರು ಶಾಸನವು ಶ್ರೀಬೆಳ್ಗೊಳದ ಗುರುಪರಂಪರೆಯ ಅನಂತವೀರ್ಯರಿಗೆ ಗಂಗ ರಕ್ಕಸನ ಕಾಲದಲ್ಲಿ ಸಂದ ದತ್ತಿಯನ್ನು ದಾಖಲಿಸುತ್ತದೆ. ಅದರಲ್ಲಿ ರಕ್ಕಸನಿಗಿರುವ ಬಿರುದು ‘ಅಣ್ಣನ ಬಂಟ’. ರಾಜಕುಲದವನಿಗೆ ಭಟನ ಹೆಸರೇ ಭೂಷಣವಾಗಿದ್ದ ಕಾಲವದು. ಅದೇ ವರ್ಷ ತನ್ನ ಪುರಾಣವನ್ನು ರಚಿಸಿದ ಚಾವುಂಡರಾಯನ ಬಿರುದುಗಳೂ ರಣದಲ್ಲಿಯೇ ಗಳಿಸಿದವು; ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದುದರಿಂದ ಅವನು ‘ಸಮರಧುರಂಧರ’ನಾದನು.

ಗೃಹಸ್ಥನಿಗೆ ವಿರೋಧೀಹಿಂಸೆಯು ಪೂರ್ಣವಾಗಿ ನಿಷಿದ್ಧವಲ್ಲವಾದ್ದರಿಂದ ಇವರ ಶ್ರಾವಕತ್ವಕ್ಕೆ ಕುಂದಿಲ್ಲ. ಆದರೆ ಒಂದು ಭೇದವನ್ನು ಮರೆಯಲಾಗದು. ಸೈನ್ಯದ ಜೊತೆಗೆ ಹೋರುವುದು ಬೇರೆ, ಸೈನ್ಯಕ್ಕೆ ಬದಲಾಗಿ ಹೋರುವುದು ಬೇರೆ. ಮೊದಲನೆಯದರಿಂದ ನಾಯಕನು ಭಟರ ಅಪಾಯದಲ್ಲಿ ಪಾಲುಗೊಳ್ಳುತ್ತಾನೆ; ಭಟರ ಸಾವು ತಪ್ಪುವುದಿಲ್ಲ. ಎರಡನೆಯದರಿಂದ ಮಾತ್ರ ಅದು ತಪ್ಪುತ್ತದೆ. ಮಂತ್ರಿಗಳು ಬಯಸಿದುದು ಇದನ್ನೇ. ಅನೇಕ ಯುದ್ಧಗಳನ್ನು ಗೆದ್ದ ಚಾವುಂಡರಾಯನು ವಿಂಧ್ಯಗಿರಿಯಲ್ಲಿ ನಿಲ್ಲಿಸಿದುದು ಭರತ ಚಕ್ರಿಯನ್ನಲ್ಲ. ಸೇನೆಗಳನ್ನುಳಿಸಿ ತಾನೊಬ್ಬನೇ ಗೆದ್ದು, ಗೆದ್ದ ರಾಜ್ಯವನ್ನೂ ತೊರೆದ ಬಾಹುಬಲಿಯನ್ನು.