ಸ್ವಲೀನ ಮಕ್ಕಳ ಶಿಕ್ಷಣ: ವಿಯೆನ್ನಾದ ಒಂದು ಅಧ್ಯಾಯ

ಸ್ವಲೀನತೆಯುಳ್ಳ, ಅಂದರೆ ಆಟಿಸಂ ಉಳ್ಳ, ಎಳೆಯ ಮಕ್ಕಳಿಗೆ ಇತರರೊಡನೆ ಬೆರೆಯುವುದನ್ನು ಕಲಿಸುವ ಪ್ರಯತ್ನದ ಇತಿಹಾಸವನ್ನು 1943ರಿಂದ ಆರಂಭಿಸುವುದು ರೂಢಿ. ಬಾಲ್ಟಿಮೋರಿನ ಲಿಯೋ ಕ್ಯಾನರನು ಹನ್ನೊಂದು ಮಕ್ಕಳನ್ನು ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದುದು ಆ ವರ್ಷ. ಲಕ್ಷಣನಿರೂಪಣೆಯ ದೃಷ್ಟಿಯಿಂದಲೂ ಈ ರೂಢಿ ಪೂರ್ಣವಾಗಿ ಸಲ್ಲದು. ಮಾಸ್ಕೋದ ಗ್ರುನ್ಯಾ ಸುಖರೇವಾ 1925ರಲ್ಲಿಯೇ ಇಂತಹ ಬಾಲಕರನ್ನು ವರ್ಣಿಸಿದ್ದಳು. ಬೋಧನೆಯ ದೃಷ್ಟಿಯಿಂದ ನೋಡುವವರಂತೂ ವಿಯೆನ್ನಾ ನಗರದತ್ತ ತಿರುಗಬೇಕಾಗುತ್ತದೆ.

ಅಲ್ಲಿನ ವಿಶ್ವವಿದ್ಯಾನಿಲಯದ ಮಕ್ಕಳ ಆಸ್ಪತ್ರೆಯಲ್ಲಿ ಎರ್ವಿನ್ ಲಾಜಾರನು 1911ರಲ್ಲಿ ಚಿಕಿತ್ಸಕ ಶಿಕ್ಷಣ ವಿಭಾಗವೊಂದನ್ನು ತೆರೆದನು. ಮಗುವನ್ನು ಮೇಜಿನ ಮುಂದೆ ಕೂರಿಸಿ ಪರೀಕ್ಷಿಸುವುದಕ್ಕಿಂತ ಅದರೊಡನೆ ದಿನವಿಡೀ ಬಾಳಿ ತಿಳಿಯುವುದು ಅಲ್ಲಿಯ ಕ್ರಮ. ವಿಕ್ಟೋರಿನ್ ಝಾಕ್ ಎಂಬ ದಾದಿ ಆಟ, ಸಂಗೀತ, ತಾಳಬದ್ಧ ವ್ಯಾಯಾಮ, ಕಿರುನಾಟಕಗಳ ಮೂಲಕ ಮಕ್ಕಳನ್ನು ಒಟ್ಟುಗೂಡಿಸುತ್ತಿದ್ದಳು. ತನ್ನ ಸರದಿಗಾಗಿ ಕಾಯುವುದು, ಮತ್ತೊಬ್ಬರ ಚಲನೆಗೆ ತನ್ನ ಚಲನೆಯನ್ನು ಹೊಂದಿಸುವುದು ಇಂತಹ ಆಟಗಳಲ್ಲಿಯೇ ಅಡಗಿರುವ ಪಾಠಗಳು. ಇಂದಿನ ಶಿಶುಶಿಕ್ಷಣದಲ್ಲಿ ಆಟಕ್ಕೆ ಸಂದಿರುವ ಮನ್ನಣೆಯನ್ನು ಬಲ್ಲವರಿಗೆ ಇದು ಅಷ್ಟೇನೂ ಹಳೆಯದೆಂದು ತೋರಲಾರದು.

ಇದೇ ವಿಭಾಗದ ವೈದ್ಯ ಗೇಯೋರ್ಗ್ ಫ್ರಾಂಕ್ಲ್ ಮತ್ತು ಮನೋವಿಜ್ಞಾನಿ ಆನಿ ವೈಸ್, ಇಬ್ಬರೂ ಯೆಹೂದ್ಯರು, 1930ರ ದಶಕದಲ್ಲಿ ಅಮೆರಿಕೆಗೆ ತೆರಳಿದರು. ಫ್ರಾಂಕ್ಲನು ಕ್ಯಾನರನ ಬಳಿಯಲ್ಲಿಯೇ ಕೆಲಸಕ್ಕೆ ಸೇರಿದನು. ಆದುದರಿಂದ ಬಾಲ್ಟಿಮೋರಿನ ಶೋಧವು ವಿಯೆನ್ನಾದ ಅನುಭವಕ್ಕೆ ತೀರ ಹೊರತಾದುದೆಂದು ಹೇಳುವುದು ಕಷ್ಟ.

ವಿಯೆನ್ನಾದಲ್ಲಿ ಉಳಿದವನು ಹಾನ್ಸ್ ಆಸ್ಪರ್ಗರ್. 1944ರ ತನ್ನ ಪ್ರಬಂಧದಲ್ಲಿ ಅವನು ಇಂತಹ ಮಕ್ಕಳ ಶಕ್ತಿಗಳನ್ನು ಸಹಾನುಭೂತಿಯಿಂದ ಎತ್ತಿ ಹಿಡಿದನು. ಬಹುಕಾಲ ಅವನನ್ನು ಮಕ್ಕಳ ರಕ್ಷಕನೆಂದೇ ಬಗೆಯಲಾಗಿತ್ತು. ಆದರೆ ಇತಿಹಾಸಕಾರ ಹೆರ್ವಿಗ್ ಚೆಕ್ ಅವರು ಮೂಲದಾಖಲೆಗಳನ್ನು ಶೋಧಿಸಿ 2018ರಲ್ಲಿ ಪ್ರಕಟಿಸಿದ ಲೇಖನವು ಈ ಚಿತ್ರವನ್ನು ಕದಡಿತು. ತೀವ್ರ ನ್ಯೂನತೆಯುಳ್ಳ ಕೆಲವು ಮಕ್ಕಳನ್ನು ಆಸ್ಪರ್ಗರನು ಆಮ್ ಸ್ಪೀಗೆಲ್‌ಗ್ರುಂಡ್ ಸಂಸ್ಥೆಗೆ ಕಳುಹಿಸಿದ್ದನು. ನಾಜಿ ಆಡಳಿತದಲ್ಲಿ, 1940ರಿಂದ 1945ರವರೆಗೆ, ಅಲ್ಲಿ 789 ಮಕ್ಕಳು ಸತ್ತರು. ಅವರಲ್ಲಿ ಅನೇಕರನ್ನು ಔಷಧ ಕೊಟ್ಟು ಕೊಲ್ಲಲಾಯಿತು. ಕಲಿಯಬಲ್ಲ ಮಗುವೆಂಬ ನಿರ್ಣಯಕ್ಕೆ ಆ ಕಾಲದಲ್ಲಿ ಎಂತಹ ಬೆಲೆಯಿತ್ತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಪ್ರಬಂಧದ ಸಹಾನುಭೂತಿಯನ್ನು ಕೇವಲ ಸೋಗೆನ್ನುವುದು ಅವಸರದ ಮಾತಾದೀತು. ಅದು ಎಲ್ಲ ಮಕ್ಕಳಿಗೂ ಸಲ್ಲಲಿಲ್ಲವೆಂಬುದು ಮಾತ್ರ ನಿಶ್ಚಯ.

ಲೋರ್ನಾ ವಿಂಗ್ 1981ರಲ್ಲಿ ಬರೆದ ಲೇಖನದಿಂದ ಆಸ್ಪರ್ಗರನ ಹೆಸರು ಇಂಗ್ಲಿಷ್ ಜಗತ್ತಿನಲ್ಲಿ ಪ್ರಸಿದ್ಧವಾಯಿತು. ಮಕ್ಕಳೊಡನೆ ಆಡುತ್ತ ಕಲಿಸಿದ ಝಾಕ್‌ಳ ಹೆಸರನ್ನು ಬಲ್ಲವರು ವಿರಳ. 1944ರಲ್ಲಿ ಬಾಂಬುದಾಳಿಗೆ ಆ ವಿಭಾಗವು ನಾಶವಾದಾಗ ಅವಳೂ ಅಲ್ಲಿಯೇ ಮಡಿದಳು.