ರಜೆಗೆ ಮೆಡಿಕಲ್ ಸರ್ಟಿಫಿಕೇಟ್: ಮೊದಲ ಭೇಟಿಯಲ್ಲೇ ಕೇಳಿ

ಜ್ವರ ಇಳಿದು ನಾಳೆ ಕೆಲಸಕ್ಕೆ ಹೊರಡಬೇಕು ಎನ್ನುವಾಗ ಸರ್ಟಿಫಿಕೇಟ್ ನೆನಪಾಗುವವರೇ ಹೆಚ್ಚು. ಆಗ ವೈದ್ಯರ ಬಳಿ ಹೋದರೆ ಅವರ ಕೈ ಕಟ್ಟಿರುತ್ತದೆ. ತಾವು ಪರೀಕ್ಷಿಸದ ಕಾಯಿಲೆಗೆ ಹಿಂದಿನ ದಿನಾಂಕ ಹಾಕಿ ಬರೆದುಕೊಟ್ಟರೆ ಅವರ ನೋಂದಣಿಗೇ ಕುತ್ತು. ಆದ್ದರಿಂದ ರಜೆ ಬೇಕಾಗಬಹುದು ಎನಿಸಿದರೆ ಮೊದಲ ಭೇಟಿಯಲ್ಲೇ ಹೇಳಿ. ಬರೆದುಕೊಟ್ಟ ದಿನಗಳಲ್ಲಿ ಗುಣವಾಗದಿದ್ದರೆ, ಆ ಅವಧಿ ಮುಗಿಯುವ ಮೊದಲು ಮತ್ತೆ ತೋರಿಸಿಕೊಳ್ಳಿ.

ಔಷಧಿ ಬಿಲ್ ತೋರಿಸಿದರೆ ಸಾಲದೇ? ನಮ್ಮ ಕೌಂಟರ್‌ನಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ನೀವು ಮಾತ್ರೆ ಕೊಂಡಿದ್ದೀರಿ ಎನ್ನುವುದನ್ನಷ್ಟೇ ಬಿಲ್ ಹೇಳುತ್ತದೆ, ಕೆಲಸ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ ಎಂದಲ್ಲ. ಅದನ್ನೂ ವೈದ್ಯರ ಚೀಟಿಯನ್ನೂ ಪೂರಕವಾಗಿ ಜೋಪಾನ ಮಾಡಿ. ಹಳೆಯ ದಿನಾಂಕದ ಬಿಲ್ ಮಾತ್ರ ಕೇಳಬೇಡಿ.

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿ ಪ್ರಮಾಣಪತ್ರಕ್ಕೆ ಒಂದು ನಮೂನೆಯೇ ಇದೆ. ವೈದ್ಯರ ನೋಂದಣಿ ಸಂಖ್ಯೆ, ನಿಮ್ಮ ವಿಳಾಸ, ಸಹಿ ಅಥವಾ ಹೆಬ್ಬೆಟ್ಟು, ದೇಹದ ಮೇಲಿನ ಒಂದಾದರೂ ಗುರುತು ಇರಬೇಕು. ಮಚ್ಚೆ ಎಲ್ಲಿದೆ ಎಂದು ಕೇಳಿದರೆ ಮುಜುಗರ ಬೇಡ. ನಿಮ್ಮ ಹೆಸರಲ್ಲಿ ಬೇರೆಯವರು ಬಂದಿಲ್ಲ ಎನ್ನುವುದಕ್ಕೆ ಅದೇ ಖಾತರಿ. ವೈದ್ಯರು ಇದರ ಪ್ರತಿಯೊಂದನ್ನು ಇಟ್ಟುಕೊಂಡು ರಿಜಿಸ್ಟರ್‌ನಲ್ಲೂ ನಮೂದಿಸಬೇಕು. ನಮೂನೆಯಲ್ಲಿ ಕಾಯಿಲೆಯ ಹೆಸರಿಗೂ ಜಾಗವಿದೆ. ಮಾನಸಿಕ ಚಿಕಿತ್ಸೆಯಂಥ ವಿಷಯ ಕಚೇರಿಗೆ ತಿಳಿಯುವುದು ಬೇಡವೆಂದರೆ, ಬರೆಯುವ ಮೊದಲೇ ವೈದ್ಯರೊಂದಿಗೆ ಮಾತಾಡಿ.

ತಿಂಗಳ ಸಂಬಳ 21,000 ರೂಪಾಯಿ ದಾಟದೆ, ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಈ ಕಾಗದಕ್ಕೆ ಹಣದ ಬೆಲೆಯೂ ಉಂಟು. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿದ್ದರೆ, ಸರಾಸರಿ ದಿನಗೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕ್ಯಾನ್ಸರ್, ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚಿನ, ವಿಸ್ತರಿತ ಭತ್ಯೆ ಇದೆ. ಆದರೆ ಪ್ರಮಾಣಪತ್ರ ಇಎಸ್‌ಐ ಡಿಸ್ಪೆನ್ಸರಿಯದ್ದೋ ಅದರ ಪಟ್ಟಿಯಲ್ಲಿರುವ ವೈದ್ಯರದ್ದೋ ಆಗಿರಬೇಕು. ಮನೆ ಹತ್ತಿರದ ಕ್ಲಿನಿಕ್‌ನ ಚೀಟಿಗೆ ಕಚೇರಿ ರಜೆ ಕೊಟ್ಟರೂ ಭತ್ಯೆ ತಾನಾಗಿ ಬರುವುದಿಲ್ಲ. ಎಷ್ಟೋ ಜನ ಹಣ ಕಳೆದುಕೊಳ್ಳುವುದು ಇಲ್ಲೇ.

ಪುಣೆಯಲ್ಲೋ ಚೆನ್ನೈಯಲ್ಲೋ ಕೆಲಸ, ಹಬ್ಬಕ್ಕೆಂದು ಊರಿಗೆ ಹೋದಾಗ ಡೆಂಗಿ ಬಂತು ಎಂದಿಟ್ಟುಕೊಳ್ಳಿ. ಅಲ್ಲಿನ ನೋಂದಾಯಿತ ವೈದ್ಯರ ಬಳಿಯೇ ಪ್ರಮಾಣಪತ್ರ ಪಡೆಯಿರಿ, ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಿ, ಫೋಟೊ ತೆಗೆದು ಅಂದೇ ಕಚೇರಿಗೆ ಕಳಿಸಿ. ಇಎಸ್‌ಐ ಸದಸ್ಯರಾದರೆ ಸಮೀಪದ ಡಿಸ್ಪೆನ್ಸರಿಗೆ ಕಾರ್ಡ್ ಒಯ್ಯಿರಿ. ಅದು ದೂರವಿದ್ದು ಬೇರೆ ವೈದ್ಯರಿಗೆ ತೋರಿಸಿದ್ದರೆ, ಆ ಪ್ರಮಾಣಪತ್ರವನ್ನು ಬದಲಿ ಸಾಕ್ಷ್ಯವೆಂದು ಒಪ್ಪುವ ಅವಕಾಶ ಇಎಸ್‌ಐ ನಿಗಮಕ್ಕಿದೆ. ಒಪ್ಪಲೇಬೇಕೆಂದಿಲ್ಲ, ಹಾಗಾಗಿ ರಕ್ತಪರೀಕ್ಷೆಯ ವರದಿ, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಜೊತೆಗಿಡಿ. ಆಸ್ಪತ್ರೆಯ ದಾಖಲೆ ನಿಮ್ಮ ಕೈಗೆ ಬಂದಿಲ್ಲವಾದರೆ ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಅವರು ಕೊಡಬೇಕು.

ಕೇಂದ್ರ ಸರ್ಕಾರಿ ನೌಕರರು ವೈದ್ಯಕೀಯ ರಜೆ ಮುಗಿಸಿ ಮರಳುವಾಗ ಫಿಟ್‌ನೆಸ್ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಕೆಲವು ಖಾಸಗಿ ಕಂಪನಿಗಳೂ ಕೇಳುತ್ತವೆ. ಕೊನೆಯ ತಪಾಸಣೆಯ ದಿನವೇ ಬರೆಸಿಕೊಂಡರೆ ಇನ್ನೊಂದು ಓಡಾಟ ಉಳಿಯುತ್ತದೆ.